ಗಣಿಯ ಹೂಳುಕೊಳವೂ ಕೆರೆಯ ಕಟ್ಟಳೆಯೂ: ಒಂದು ಐತಿಹಾಸಿಕ ವಿವೇಚನೆ

೧

ಮಾಗಡಿ ತಾಲ್ಲೂಕಿನ ಕೆಂಪಾಪುರವು ಒಂದು ಸಣ್ಣ ಗ್ರಾಮ. ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿದನೆಂದು ಪ್ರಸಿದ್ಧನಾದ ಹಿರಿಯ ಕೆಂಪೇಗೌಡನ ಸಮಾಧಿಯು ಇಲ್ಲಿದೆಯೆಂಬುದು, ೨೦೧೫ರಲ್ಲಿ ಗಮನಕ್ಕೆ ಬಂದ ಶಾಸನವೊಂದರಿಂದ ವಿದಿತವಾಯಿತು. ಕುಣಿಗಲಿನ ಕಡೆಯಿಂದ ಹಿಂದಿರುಗುವಾಗ ಆತನು ಈ ಸ್ಥಳದಲ್ಲಿ ಮಡಿದನೆಂದು ತಿಳಿದುಬರುತ್ತದೆ. ಕೆಂಪೇಗೌಡನ ಹೆಸರನ್ನು ನಾವು ಕೋಟೆ ಪೇಟೆಗಳೊಡನೆ ಸ್ಮರಿಸುವಂತೆಯೇ ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳೊಡನೆಯೂ ಸ್ಮರಿಸುತ್ತೇವೆ. ಇವುಗಳಲ್ಲಿ ಧರ್ಮಾಂಬುಧಿಯು ಇಂದು ಕೆರೆಯಾಗಿ ಉಳಿದಿಲ್ಲ; ಅದರ ಅಂಗಳದಲ್ಲಿ ಬೆಂಗಳೂರಿನ ದೊಡ್ಡ ಬಸ್ ನಿಲ್ದಾಣವಿದೆ. ಕೆರೆಯನ್ನು ಕಟ್ಟುವುದು ಒಂದು ಕಾರ್ಯ, ಅದನ್ನು ಉಳಿಸಿಕೊಳ್ಳುವುದು ಮತ್ತೊಂದು ಕಾರ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಾಗಿಲ್ಲ.

ಕೆಂಪಾಪುರದ ಸುತ್ತಣ ಸೀಮೆಯು ಕಲ್ಲಿನ ಸೀಮೆ. ರಾಮನಗರಕ್ಕೆ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ನೆನಪಿನಲ್ಲಿ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆ ಹೆಸರೇ ಇಲ್ಲಿನ ಶಿಲೆಗೂ ನಿಂತು, ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಯ ಪಟ್ಟಿಯು ಇಲ್ಲಿಂದ ಉತ್ತರಕ್ಕೆ ಸುಮಾರು ೪೦೦ ಕಿಲೋಮೀಟರು ಹಬ್ಬಿ ಬಳ್ಳಾರಿ ಹೊಸಪೇಟೆಗಳ ಸೀಮೆಯನ್ನು ಮುಟ್ಟುತ್ತದೆ. ಮಾಗಡಿ, ರಾಮನಗರ, ಕನಕಪುರಗಳ ಕಡೆ ಕಲ್ಲುಗಣಿಗಳು ತೆರೆದಿರುವುದು ಈ ಪಟ್ಟಿಯ ಮೇಲೆ. ಅದರ ಉತ್ತರದ ತುದಿಯ ನೆರೆಯಲ್ಲಿಯೇ ಸಂಡೂರಿನ ಕಬ್ಬಿಣದ ಬೆಟ್ಟಗಳಿವೆ. ಬೆಟ್ಟವನ್ನು ಕಡಿದ ಮೇಲೆ ಅದರ ಮೇಲೆ ಬಿದ್ದ ಮಳೆಯ ನೀರು ಎಲ್ಲಿ ಹೋಗಬೇಕು, ಆ ನೀರಿನೊಡನೆ ಇಳಿದ ಮಣ್ಣನ್ನು ಯಾರು ತಡೆಯಬೇಕು ಎಂಬ ಪ್ರಶ್ನೆಯು ಈ ಸೀಮೆಗಳಿಗೆಲ್ಲ ಸಮಾನವಾದುದು. ಅದಕ್ಕೆ ನ್ಯಾಯಾಲಯದ ಮುಂದೆ ವಿಚಾರಣೆ ನಡೆದು, ಲಿಖಿತ ಯೋಜನೆಗಳು ಹುಟ್ಟಿದ್ದು ಸಂಡೂರಿನಲ್ಲಿ. ಆದುದರಿಂದ ಕೆಂಪಾಪುರದಿಂದ ಹೊರಟ ನಮ್ಮ ವಿಚಾರವು ಸಂಡೂರಿಗೆ ಹೋಗಬೇಕಾಗಿದೆ.

ಪ್ರಕೃತ ಲೇಖನದಲ್ಲಿ ನಾವು ಸಾಧಿಸಬಯಸುವ ಅಂಶವು ಒಂದೇ. ಗಣಿಯ ತಪ್ಪಲಿನಲ್ಲಿ ತೋಡುವ ಹೂಳುಕೊಳವು ಸ್ವರೂಪದಲ್ಲಿ ಕೆರೆಯೇ ಆಗಿದೆ. ಆದರೆ ಕೆರೆಯನ್ನು ಶತಮಾನಗಳ ಕಾಲ ಬದುಕಿಸಿದ ಕಟ್ಟಳೆಯು ಈ ಕೊಳಕ್ಕೆ ಇನ್ನೂ ದೊರೆತಿಲ್ಲ.

೨

ಮೊದಲು ಹೂಳುಕೊಳದ ಕಾರ್ಯವನ್ನು ತಿಳಿಯುವುದು ಅವಶ್ಯಕ. ಕಾಡಿನ ಇಳಿಜಾರಿನ ಮೇಲೆ ಬಿದ್ದ ಮಳೆಯನ್ನು ಎಲೆಗಸವೂ ಬೇರುಗಳೂ ತಡೆದು ನೆಲದೊಳಕ್ಕೆ ಬಿಡುತ್ತವೆ. ಅದಿರಿಗಾಗಿ ಮೇಲ್ಮಣ್ಣನ್ನು ತೆಗೆದು, ಬೇಡವಾದ ಕಲ್ಲುಮಣ್ಣನ್ನು ಕಣಿವೆಯಂಚಿನಲ್ಲಿ ರಾಶಿ ಹಾಕಿದ ಮೇಲೆ ಈ ತಡೆಯು ಇಲ್ಲವಾಗುತ್ತದೆ. ಒಂದು ಹೆಕ್ಟೇರಿನ ಮೇಲೆ ೫೦ ಮಿಲಿಮೀಟರು ಮಳೆ ಬಿದ್ದರೆ ೫೦೦ ಘನ ಮೀಟರು ನೀರಾಗುತ್ತದೆ. ಅದರಲ್ಲಿ ಐದರಲ್ಲಿ ಮೂರು ಪಾಲು ಹರಿದು ಹೋಗುವುದೆಂದು ಭಾವಿಸಿದರೂ, ಹತ್ತು ಹೆಕ್ಟೇರಿನ ಬರಿಯ ರಾಶಿಯಿಂದ ೩,೦೦೦ ಘನ ಮೀಟರು ಕೆನ್ನೀರು ಕೆಲವೇ ಗಂಟೆಗಳಲ್ಲಿ ಕೆಳಗಿಳಿಯುತ್ತದೆ. ಇದನ್ನು ಎರಡು ಮೀಟರು ಆಳದ ಕೊಳದಲ್ಲಿ ಹಿಡಿದಿಡಬೇಕಾದರೆ ಕೊಳದ ಹರವು ೧,೫೦೦ ಚದರ ಮೀಟರಿಗೆ ಕಡಮೆಯಾಗಬಾರದು. ಲೆಕ್ಕವು ಉದಾಹರಣೆಗೆ ಮಾತ್ರ. ಆದರೆ ಪ್ರಮಾಣದ ಕಲ್ಪನೆಯು ಇದರಿಂದ ಬರುತ್ತದೆ.

ನೀರನ್ನು ಹಿಡಿದ ಮೇಲೆ ಮಣ್ಣು ತಳಕ್ಕೆ ಇಳಿಯಬೇಕು. ಇದರ ನಿಯಮವನ್ನು ೧೮೫೧ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿಯು ನಿರೂಪಿಸಿದನು: ಕಣದ ಅಡ್ಡಳತೆಯು ಹತ್ತರಲ್ಲಿ ಒಂದಾದರೆ ಅದು ಇಳಿಯುವ ವೇಗವು ನೂರರಲ್ಲಿ ಒಂದಾಗುತ್ತದೆ. ನಿಂತ ನೀರಿನಲ್ಲಿ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟಿರುವ ಮರಳಿನ ಕಣವು ಒಂದು ಮೀಟರು ಇಳಿಯಲು ಸುಮಾರು ಎರಡು ನಿಮಿಷ ಸಾಕು. ನೂರರಲ್ಲೊಂದು ಪಾಲಿನ ನಯವಾದ ಹುಡಿಗೆ ಸುಮಾರು ಮೂರು ಗಂಟೆ ಬೇಕು. ಸಾವಿರದಲ್ಲೊಂದು ಪಾಲಿನ ಜೇಡಿಕಣಕ್ಕೆ ಹನ್ನೆರಡು ಹದಿಮೂರು ದಿನಗಳು ಬೇಕು. ಕಬ್ಬಿಣದ ಅದಿರಿನ ಕಣವು ಹೆಚ್ಚು ತೂಕವುಳ್ಳದ್ದಾದುದರಿಂದ ಇದಕ್ಕಿಂತ ಬೇಗನೆ ಇಳಿದೀತು. ಆದರೆ ಅದರೊಡನೆ ಬರುವ ಕೆಂಪು ಜೇಡಿಯು ಹಾಗೆ ಇಳಿಯುವುದಿಲ್ಲ. ಆದುದರಿಂದ ಒಂದೇ ಕೊಳವನ್ನು ನಂಬದೆ, ರಾಶಿಯ ಸುತ್ತ ಬಳಸಿ ಬರುವ ಕಾಲುವೆ, ರಾಶಿಯ ಬುಡಕ್ಕೆ ಕಲ್ಲಿನ ಆಸರೆಗೋಡೆ, ಕೊರಕಲುಗಳಿಗೆ ಅಡ್ಡಲಾಗಿ ಸಣ್ಣ ತಡೆಯಣೆಗಳು, ಕೊನೆಗೆ ಒಂದರ ಕೆಳಗೊಂದು ಹೂಳುಕೊಳಗಳು ಎಂಬ ಕ್ರಮವನ್ನು ಎಂಜಿನಿಯರುಗಳು ಅನುಸರಿಸುತ್ತಾರೆ. ರಾಶಿಯ ಮೇಲೆ ಹುಲ್ಲು ಗಿಡಗಳು ಬೇರೂರಿದ ಮೇಲೆಯೇ ಕೊಳದ ಹೊರೆಯು ಇಳಿಯುವುದು.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೊಂದುಂಟು. ಕೊಳವು ತನ್ನ ಕಾರ್ಯವನ್ನು ಚೆನ್ನಾಗಿ ಮಾಡಿದಷ್ಟೂ ಬೇಗ ತುಂಬಿಹೋಗುತ್ತದೆ. ಅರ್ಧ ಹೂಳು ತುಂಬಿದ ಕೊಳದಲ್ಲಿ ನೀರು ನಿಲ್ಲುವ ಕಾಲವು ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ತುಂಬಿದ ಕೊಳದ ಮೇಲೆ ಹರಿಯುವ ಮಳೆಯು ಹಳೆಯ ಹೂಳನ್ನೂ ಎಬ್ಬಿಸಿಕೊಂಡು ಕೆಳಗಣ ಹೊಲಕ್ಕೆ ಒಯ್ಯುತ್ತದೆ. ಅಂದರೆ ಪ್ರತಿ ಮಳೆಗಾಲಕ್ಕೆ ಮುಂಚೆ ಹೂಳನ್ನು ಎತ್ತದಿದ್ದರೆ ಕೊಳವನ್ನು ತೋಡಿದ್ದರ ಫಲವು ನಷ್ಟವಾಗುತ್ತದೆ.

೩

ಈ ಸಮಸ್ಯೆಯು ಕನ್ನಡನಾಡಿಗೆ ಹೊಸದಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಹೂಳು ಎಂಬ ಮಾತುಗಳು ನಮ್ಮ ಹಳ್ಳಿಯ ದಿನಬಳಕೆಯವು. ಕೆರೆಯ ನಿರ್ಮಾಣಕ್ಕೆ ಸಂಬಂಧಿಸಿದ ಶಾಸನಗಳಲ್ಲಿ ಪೋರುಮಾಮಿಳ್ಳದ ಶಾಸನವು ವಿಶೇಷ ಪ್ರಸಿದ್ಧವಾದುದು. ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯಲ್ಲಿ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು, ಅಂದರೆ ಭವದೂರನು, ಕಟ್ಟಿಸಿದ ಕೆರೆಯನ್ನು ಕುರಿತು ೧೩೬೯ರಲ್ಲಿ ಹಾಕಿಸಿದ ಈ ಸಂಸ್ಕೃತ ಶಾಸನದಲ್ಲಿ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಒದಗುವ ಆರು ದೋಷಗಳನ್ನೂ ಹೇಳಿದೆ. ಸಾವಿರ ಜನ ಕೂಲಿಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಈ ಕೆಲಸವನ್ನು ಮುಗಿಸಿದರೆಂದು ಅದರಿಂದ ತಿಳಿಯುತ್ತದೆ.

ಆ ಆರು ದೋಷಗಳನ್ನು ಹೂಳುಕೊಳದ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ. ಸಡಿಲವಾದ ಗಣಿಮಣ್ಣಿನಿಂದಲೇ ಕಟ್ಟಿದ ಕೊಳದ ಏರಿಗೆ ಇದೇ ಮೊದಲ ಅಪಾಯ. ನೀರು ಹೆಚ್ಚಾಗಿದ್ದು ನೆಲವು ಕಿರಿದಾಗಿರುವುದು ಮತ್ತೊಂದು ದೋಷ. ಗುತ್ತಿಗೆಯ ಗಡಿಯೊಳಗೆ ಉಳಿದ ಮೂಲೆಯಲ್ಲಿ ತೋಡಿದ ಕಿರುಕೊಳಕ್ಕೆ ಇದು ಸರಿಯಾಗಿ ಅನ್ವಯಿಸುತ್ತದೆ. ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು ದೋಷ. ಇಬ್ಬರು ಅರಸರ ನಡುವಣ ಕೆರೆಗೆ ಯಾರೂ ಒಡೆಯರಲ್ಲವೆಂಬುದೇ ಇದರ ತಾತ್ಪರ್ಯವಿರಬೇಕೆಂದು ನಮ್ಮ ಊಹೆ. ಇಂದಿನ ಗಣಿಯ ನೀರೂ ಇಂಥ ಗಡಿಯಲ್ಲಿಯೇ ಇದೆ: ಗಣಿಯು ಒಂದು ಇಲಾಖೆಗೆ, ಬೆಟ್ಟದ ಕಾಡು ಇನ್ನೊಂದು ಇಲಾಖೆಗೆ, ಹಳ್ಳದ ಕೆಳಗಿನ ಕೆರೆಯು ಮತ್ತೊಂದಕ್ಕೆ ಸೇರಿದೆ, ಹೂಳು ಮಾತ್ರ ಈ ಗಡಿಗಳನ್ನು ಲೆಕ್ಕಿಸದೆ ಇಳಿಯುತ್ತದೆ.

ಆರು ದೋಷಗಳ ಪಟ್ಟಿಯಲ್ಲಿ ಹೂಳು ತುಂಬುವಿಕೆಯು ಸೇರಿಲ್ಲವೆಂಬುದನ್ನೂ ಲಕ್ಷಿಸಬೇಕು. ಇದು ಮರೆವೆಂದು ನಮಗೆ ತೋರುವುದಿಲ್ಲ. ಜಿನುಗು, ಚೌಳು, ಗಡಿ ಮುಂತಾದವು ಸ್ಥಳದ ಮತ್ತು ರಚನೆಯ ದೋಷಗಳು. ಕಟ್ಟುವ ಮುನ್ನವೇ ಅವನ್ನು ನೋಡಿ ತಪ್ಪಿಸಬಹುದು. ಹೂಳಾದರೋ ಎಲ್ಲ ಕೆರೆಗೂ ವರ್ಷವರ್ಷವೂ ಬರತಕ್ಕದ್ದು; ಅದಕ್ಕೆ ಬೇಕಾದುದು ಪಾಲನೆ. ನಮ್ಮ ಶಾಸನಗಳು ಈ ಪಾಲನೆಗೆ ಬೇರೆಯೇ ವ್ಯವಸ್ಥೆಯನ್ನು ತೋರಿಸುತ್ತವೆ. ಕೆರೆಯನ್ನು ಕಟ್ಟಿದವನಿಗೂ ಅದನ್ನು ಕಾಪಾಡುವವನಿಗೂ ಬಿತ್ತುವಟ್ಟ, ದಸವಂದ, ಕಟ್ಟುಕೊಡಗೆ ಮುಂತಾದ ಹೆಸರುಗಳಲ್ಲಿ ಭೂಮಿಯನ್ನು ಬಿಡುತ್ತಿದ್ದರು. ಹೂಳನ್ನು ಸಾಗಿಸುವ ಬಂಡಿಯನ್ನು ನಡೆಸುವುದಕ್ಕಾಗಿಯೇ ದತ್ತಿ ಬಿಟ್ಟ ಶಾಸನಗಳೂ ಉಂಟು. ದತ್ತಿಯ ಗದ್ದೆಯು ಅದೇ ಕೆರೆಯ ನೀರಿನಿಂದ ಬೆಳೆಯಬೇಕಾಗಿದ್ದುದರಿಂದ, ಕೆರೆಯು ಕೆಟ್ಟರೆ ಪಾಲಕನ ಊಟವೂ ಕೆಡುತ್ತಿತ್ತು. ಪಾಲಿಸುವವನ ಹಿತವನ್ನೂ ಕೆರೆಯ ಹಿತವನ್ನೂ ಹೀಗೆ ಒಂದಾಗಿ ಕಟ್ಟಿದ್ದೇ ಈ ವ್ಯವಸ್ಥೆಯ ಮರ್ಮ.

ಇನ್ನೊಂದು ಕಾರಣವೂ ಇದ್ದಿತು. ಕೆರೆಯ ಗೋಡು ಹೊಲಕ್ಕೆ ಗೊಬ್ಬರ. ಬೇಸಗೆಯಲ್ಲಿ ರೈತನು ತಾನಾಗಿಯೇ ಬಂಡಿ ಕಟ್ಟಿಕೊಂಡು ಬಂದು ಅದನ್ನು ಒಯ್ಯುತ್ತಿದ್ದನು. ಗಣಿಯ ಹೂಳಿನಲ್ಲಿ ಸಾರವಿಲ್ಲ. ಅದು ಹೊಲದ ಮೇಲೆ ಹರಡಿದರೆ ಹೆಪ್ಪುಗಟ್ಟಿ ಬೆಳೆಯನ್ನು ಕೆಡಿಸುತ್ತದೆ. ಕೆರೆಯ ಹೂಳಿಗೆ ಬೇಡುವವರಿದ್ದರು, ಗಣಿಯ ಹೂಳಿಗೆ ಬೇಡುವವರಿಲ್ಲ. ಆದುದರಿಂದ ಕೆರೆಯಲ್ಲಿ ಅರ್ಧ ತಾನಾಗಿ ನಡೆಯುತ್ತಿದ್ದ ಕೆಲಸವನ್ನು ಗಣಿಯಲ್ಲಿ ಕಾನೂನೂ ಹಣವೂ ಸೇರಿ ಪೂರ್ತಿಯಾಗಿ ನಡೆಸಬೇಕಾಗುತ್ತದೆ.

ಹಾಗೆಂದು ಹಿಂದಿನ ಕಾಲವನ್ನು ಸುವರ್ಣಯುಗವೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಕೆರೆಯ ಕೆಲಸದಲ್ಲಿ ಬಿಟ್ಟಿ ದುಡಿತವೂ ಇತ್ತು. ನೀರಿನ ಹಂಚಿಕೆಯಲ್ಲಿ ಜಾತಿಯ ಮೇಲುಕೀಳೂ ಇತ್ತು. ಮೈಸೂರು ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ಕೆರೆಗಳು ಹಬ್ಬಿವೆಯೆಂದು ೧೮೬೬ರಲ್ಲಿ ಮುಖ್ಯ ಎಂಜಿನಿಯರನಾಗಿದ್ದ ಸ್ಯಾಂಕಿಯು ಕಂಡುಕೊಂಡನು. ಆದರೆ ಅದೇ ಶತಮಾನದಲ್ಲಿ ಪಾಲನೆಯ ಹಳೆಯ ಕಟ್ಟುಗಳು ಸಡಿಲಗೊಂಡು ಹೊಣೆಯು ಸರ್ಕಾರದ ಮೇಲೆ ಬಿದ್ದಿತು. ಆ ಹೊಣೆಯನ್ನು ಮತ್ತೆ ಹಳ್ಳಿಗೆ ಒಪ್ಪಿಸುವ ಪ್ರಯತ್ನವೇ ೧೯೧೧ರ ಮೈಸೂರು ಕೆರೆ ಪಂಚಾಯತಿ ರೆಗ್ಯುಲೇಷನ್. ಒಮ್ಮೆ ಬಿಚ್ಚಿಹೋದ ಕಟ್ಟಳೆಯನ್ನು ಶಾಸನದ ಬಲದಿಂದ ಮತ್ತೆ ಕಟ್ಟುವುದು ಸುಲಭವಲ್ಲವೆಂಬುದನ್ನು ನಮ್ಮ ಹೂಳು ತುಂಬಿದ ಕೆರೆಗಳೇ ಹೇಳುತ್ತವೆ.

೪

ಈಗ ಸಂಡೂರಿಗೆ ಬರೋಣ. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಈ ಕಣಿವೆಯಲ್ಲಿ ಮ್ಯಾಂಗನೀಸ್ ಗಣಿಗಾರಿಕೆಯು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಆರಂಭವಾಯಿತು. ಬೆಟ್ಟಗಳ ನಡುವಣ ನೀರನ್ನು ನಾರಿಹಳ್ಳವು ಒಯ್ಯುತ್ತದೆ. ಅದಕ್ಕೆ ಅಡ್ಡಲಾಗಿ ತಾರಾನಗರದ ಬಳಿ ಜಲಾಶಯವಿದೆ, ಇನ್ನೂ ಕೆಳಗೆ ದರೋಜಿಯ ದೊಡ್ಡ ಕೆರೆಯಿದೆ. ಬೆಟ್ಟದ ಮೇಲೆ ತಡೆಯದ ಮಣ್ಣು ಎಲ್ಲಿಗೆ ಸೇರುವುದೆಂಬುದನ್ನು ಇಷ್ಟರಿಂದಲೇ ಊಹಿಸಬಹುದು. ೨೦೦೦ದ ಅನಂತರ ಚೀನಾದೇಶದ ಬೇಡಿಕೆಯಿಂದ ಅದಿರಿನ ಬೆಲೆಯು ಏರಿದಾಗ ಗಣಿಗಳು ಗುತ್ತಿಗೆಯ ಗಡಿಯನ್ನು ಮೀರಿದವು. ತ್ಯಾಜ್ಯದ ರಾಶಿಗಳು ಕಾಡಿನ ಇಳಿಜಾರುಗಳಿಗೂ ಹಳ್ಳದ ತಲೆಗಳಿಗೂ ಉರುಳಿದವು.

ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ವರದಿಯು ೨೦೧೧ರ ಜುಲೈ ೨೭ರಂದು ಸಲ್ಲಿಕೆಯಾಯಿತು. ಅದೇ ತಿಂಗಳ ೨೯ರಂದು ಸರ್ವೋಚ್ಚ ನ್ಯಾಯಾಲಯವು, ಸಮಾಜ ಪರಿವರ್ತನ ಸಮುದಾಯವು ಹೂಡಿದ್ದ ಮೊಕದ್ದಮೆಯಲ್ಲಿ, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್ ೨೬ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆಜ್ಞೆಯನ್ನು ವಿಸ್ತರಿಸಿತು. ಅಕ್ರಮದ ಪ್ರಮಾಣವನ್ನು ಅನುಸರಿಸಿ ಗಣಿಗಳನ್ನು ‘ಎ’, ‘ಬಿ’, ‘ಸಿ’ ಎಂದು ಮೂರು ವರ್ಗ ಮಾಡಲಾಯಿತು. ೨೦೧೩ರ ಏಪ್ರಿಲ್ ೧೮ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವುಗಳಲ್ಲಿ ಪ್ರತಿಯೊಂದು ಗಣಿಗೂ ಪುನಶ್ಚೇತನ ಮತ್ತು ಪುನರ್ವಸತಿಯ ಯೋಜನೆಯು ಸಿದ್ಧವಾಗಬೇಕು, ಅದನ್ನು ಜಾರಿಗೆ ತಂದ ಮೇಲೆಯೇ ಗಣಿಯು ತೆರೆಯಬೇಕು ಎಂಬ ನಿಯಮವಾಯಿತು. ಡೆಹರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಈ ಯೋಜನೆಗಳನ್ನು ರಚಿಸಿತು.

ಈ ಯೋಜನೆಗಳಲ್ಲಿ ನಮಗೆ ಸಂಬಂಧಿಸಿದ ಭಾಗವು ನೀರು ಮತ್ತು ಮಣ್ಣಿನದು. ರಾಶಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಇಳಿಜಾರನ್ನು ತಗ್ಗಿಸುವುದು, ತೆಂಗಿನ ನಾರಿನ ಬಲೆಯನ್ನು ಹಾಸಿ ಹುಲ್ಲು ಬೆಳೆಸುವುದು, ಆಸರೆಗೋಡೆ, ಸುತ್ತುಗಾಲುವೆ, ತಡೆಯಣೆ, ಹೂಳುಕೊಳ ಇವನ್ನೆಲ್ಲ ಗಣಿಯ ನಕ್ಷೆಯ ಮೇಲೆ ಗುರುತಿಸಿ ಕಟ್ಟಿಸುವುದು ಕಡ್ಡಾಯವಾಯಿತು. ಕನ್ನಡನಾಡಿನ ಗಣಿಯ ಇತಿಹಾಸದಲ್ಲಿ ಇದು ಮಹತ್ತ್ವದ ಘಟನೆಯೆಂಬುದರಲ್ಲಿ ಸಂಶಯವಿಲ್ಲ. ಅಷ್ಟೇ ಅಲ್ಲ, ಕೆಟ್ಟ ನೆಲಕ್ಕೆ ಬೆಲೆಯೂ ಕಟ್ಟಲ್ಪಟ್ಟಿತು: ಅಕ್ರಮವಾಗಿ ತೋಡಿದ ಗುಂಡಿಗೆ ಹೆಕ್ಟೇರಿಗೆ ೫ ಕೋಟಿ ರೂಪಾಯಿ, ಅಕ್ರಮವಾಗಿ ರಾಶಿ ಹಾಕಿದ ನೆಲಕ್ಕೆ ಹೆಕ್ಟೇರಿಗೆ ೧ ಕೋಟಿ ರೂಪಾಯಿ. ಹೀಗೆ ಕೂಡಿದ ಹಣವನ್ನು ಗಣಿಬಾಧಿತ ಪ್ರದೇಶದ ಪುನರುದ್ಧಾರಕ್ಕೆ ಬಳಸಲು ೨೦೧೪ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವು ಸ್ಥಾಪಿತವಾಯಿತು.

ಆದರೆ ಗಣಿಯು ನಡೆಯುತ್ತಿರುವಾಗ ಕೊಳದ ಹೂಳನ್ನು ಎತ್ತುವವನು ಗುತ್ತಿಗೆದಾರ. ಎತ್ತದಿದ್ದರೆ ಅವನ ಅದಿರು ಬೆಟ್ಟದಿಂದ ಇಳಿಯದು. ಗುತ್ತಿಗೆ ಮುಗಿದು ಬೆಟ್ಟವು ಬರಿದಾದ ಮೇಲೆ ಈ ಒತ್ತಾಯವು ಎಲ್ಲಿ ಉಳಿಯುತ್ತದೆ? ಗಣಿಯನ್ನು ಮುಚ್ಚುವ ಯೋಜನೆಯು ಭಾರತದಲ್ಲಿ ಕಡ್ಡಾಯವಾದುದು ೨೦೦೩ರಲ್ಲಿ. ಅದಕ್ಕಾಗಿ ಗುತ್ತಿಗೆದಾರನು ಇಡಬೇಕಾದ ಭದ್ರತೆಯು ದೊಡ್ಡ ವರ್ಗದ ಗಣಿಗೆ ೨೦೧೭ರ ನಿಯಮಾವಳಿಯಲ್ಲಿ ಹೆಕ್ಟೇರಿಗೆ ೩ ಲಕ್ಷ ರೂಪಾಯಿ ಇದ್ದುದು ೨೦೨೧ರ ತಿದ್ದುಪಡಿಯಲ್ಲಿ ೫ ಲಕ್ಷವಾಯಿತು. ಯೋಜನೆಯಂತೆ ಕೆಲಸ ಮುಗಿಯಿತೆಂಬ ಪ್ರಮಾಣಪತ್ರವು ದೊರೆತ ಮೇಲೆ ಗುತ್ತಿಗೆದಾರನು ಹೊರಡುತ್ತಾನೆ. ಮಳೆಯು ಮಾತ್ರ ಮುಂದಿನ ವರ್ಷವೂ ಬರುತ್ತದೆ.

೫

ಹೊರಟುಹೋದ ಗಣಿಯ ನಿದರ್ಶನಕ್ಕೆ ನಾವು ಕುದುರೆಮುಖವನ್ನು ನೋಡಬೇಕು. ಇಲ್ಲಿನ ಕಂಪನಿಯು ೧೯೭೬ರಲ್ಲಿ, ಇರಾನ್ ದೇಶಕ್ಕೆ ಅದಿರಿನ ಸಾರವನ್ನು ಒದಗಿಸುವ ಉದ್ದೇಶದಿಂದ, ಭಾರತ ಸರ್ಕಾರದ ಒಡೆತನದಲ್ಲಿ ಸ್ಥಾಪಿತವಾಯಿತು. ಅದಿರು ಕೆಳದರ್ಜೆಯದಾದುದರಿಂದ ಅದನ್ನು ನುಣ್ಣಗೆ ಅರೆದು ಸಾರವನ್ನು ಬೇರ್ಪಡಿಸಿ, ಕೊಳವೆಯ ಮೂಲಕ ೬೭ ಕಿಲೋಮೀಟರು ದೂರದ ಮಂಗಳೂರಿಗೆ ಕಳುಹಿಸುತ್ತಿದ್ದರು. ಮೂರು ಪಾಲು ಅದಿರಿನಲ್ಲಿ ಹೆಚ್ಚುಕಡಮೆ ಒಂದು ಪಾಲು ಸಾರ, ಎರಡು ಪಾಲು ಕೆಸರು. ಈ ಕೆಸರನ್ನು ನಿಲ್ಲಿಸಲು ಭದ್ರಾನದಿಯ ಉಪನದಿಯಾದ ಲಕ್ಯಾಹೊಳೆಗೆ ಅಡ್ಡಲಾಗಿ ಸುಮಾರು ೧೦೦ ಮೀಟರು ಎತ್ತರದ ಮಣ್ಣಿನ ಅಣೆಕಟ್ಟನ್ನು ಕಟ್ಟಲಾಯಿತು. ಇದು ನಮ್ಮ ನಾಡಿನ ಅತಿ ದೊಡ್ಡ ಹೂಳುಕೊಳಗಳಲ್ಲಿ ಒಂದು. ಅದು ಇರುವುದೂ ವರ್ಷಕ್ಕೆ ಸುಮಾರು ೭,೦೦೦ ಮಿಲಿಮೀಟರು ಮಳೆ ಸುರಿಯುವ ಮಲೆನಾಡಿನಲ್ಲಿ. ಇಷ್ಟು ದೊಡ್ಡ ಕೊಳವಿದ್ದರೂ, ತೆರೆದ ಗಣಿಯ ಇಳಿಜಾರುಗಳಿಂದ ಮಳೆಗಾಲದಲ್ಲಿ ಭದ್ರೆಗೆ ಸೇರುತ್ತಿದ್ದ ಹೂಳು ಗಣಿಯ ವಿಸ್ತಾರಕ್ಕೆ ಎಷ್ಟೋ ಮಿಗಿಲಾಗಿತ್ತೆಂದು ವಿಜ್ಞಾನಿಗಳ ಅಳತೆಗಳು ತೋರಿಸಿದವು.

೨೦೦೨ರ ಅಕ್ಟೋಬರ್ ೩೦ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಉದ್ಯಾನದೊಳಗಿನ ಈ ಗಣಿಯನ್ನು ೨೦೦೫ರ ಕೊನೆಗೆ ನಿಲ್ಲಿಸಬೇಕೆಂದು ತೀರ್ಪಿತ್ತಿತು. ೨೦೦೫ರ ಡಿಸೆಂಬರ್ ೩೧ಕ್ಕೆ ಗಣಿ ನಿಂತಿತು. ಗಣಿಯ ಆಯುಷ್ಯವು ಇಪ್ಪತ್ತೈದು ವರ್ಷಗಳಷ್ಟು. ಲಕ್ಯಾದ ಏರಿಯಾದರೋ ಬೆಟ್ಟವಿರುವವರೆಗೂ ನಿಲ್ಲಬೇಕು. ಅದರ ಕೋಡಿಯಲ್ಲಿ ಮರದ ತುಂಡು ಸಿಕ್ಕಿಕೊಳ್ಳದಂತೆ, ಏರಿಯ ಬುಡದಲ್ಲಿ ಜಿನುಗು ಹೆಚ್ಚದಂತೆ ಪ್ರತಿ ಮಳೆಗಾಲವೂ ಯಾರಾದರೂ ನೋಡುತ್ತಿರಬೇಕು. ಗಣಿಯಿಂದ ಬಂದ ಆದಾಯವು ನಿಂತ ಮೇಲೆ ಪಾಲನೆಯ ವೆಚ್ಚವು ನಿಲ್ಲುವುದಿಲ್ಲವೆಂಬ ಪಾಠವನ್ನು ಕುದುರೆಮುಖವು ಕಲಿಸುತ್ತದೆ.

ಈ ಎಚ್ಚರಿಕೆಯು ಅತಿಶಯವಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ೧೯೭೨ರ ಫೆಬ್ರವರಿ ೨೬ರಂದು ಬಫೆಲೊ ಕ್ರೀಕ್ ಎಂಬ ಹಳ್ಳದ ತಲೆಯಲ್ಲಿ ಕಲ್ಲಿದ್ದಲ ತ್ಯಾಜ್ಯದಿಂದಲೇ ಕಟ್ಟಿದ್ದ ಏರಿಯು ಮಳೆಯಲ್ಲಿ ಒಡೆದು ೧೨೫ ಜನರು ಸತ್ತರು. ೧೯೭೭ರಲ್ಲಿ ಆ ದೇಶವು ಮೇಲ್ಮೈ ಗಣಿಗಳ ನಿಯಂತ್ರಣಕ್ಕೆ ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಗಣಿಯನ್ನು ಮುಚ್ಚಿ ಕೊನೆಯ ಸಲ ಬೀಜ ಬಿತ್ತಿದ ದಿನದಿಂದ ಎರಡು ವರ್ಷಗಳು ಕಳೆಯುವವರೆಗೆ ಹೂಳುಕೊಳವನ್ನು ಕೀಳಕೂಡದೆಂದು ಅದರ ನಿಯಮಗಳು ವಿಧಿಸುತ್ತವೆ. ಗುತ್ತಿಗೆಯ ಕಾಲವನ್ನಲ್ಲ, ಹಸುರಿನ ಕಾಲವನ್ನು ಅಳತೆಗೋಲಾಗಿ ಹಿಡಿದಿರುವುದು ಈ ನಿಯಮದ ಹಿರಿಮೆ.

೬

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ನಿಷ್ಪನ್ನವಾಗುತ್ತವೆಂದು ನಮ್ಮ ಅಭಿಪ್ರಾಯ. ಒಂದು: ಪ್ರತಿ ಹೂಳುಕೊಳಕ್ಕೂ ಒಬ್ಬ ಹೆಸರುಳ್ಳ ಪಾಲಕನಿರಬೇಕು, ಅದು ಕೆಳಗಿನ ಹಳ್ಳಿಯ ಗ್ರಾಮ ಪಂಚಾಯತಿಯಾಗಲಿ, ಇಲಾಖೆಯಾಗಲಿ, ಒಂದೇ ಆಗಿರಬೇಕು. ಎರಡು ರಾಜ್ಯಗಳ ಗಡಿಯ ಕೆರೆಯೆಂಬ ದೋಷಕ್ಕೆ ಇದೇ ಪರಿಹಾರ. ಎರಡು: ಪಾಲನೆಯ ವೆಚ್ಚವನ್ನು ಗಣಿಯು ನಡೆಯುತ್ತಿರುವಾಗಲೇ ಕೂಡಿಸಿ ಮೂಲಧನವಾಗಿ ಇಡಬೇಕು, ಅದರ ಬಡ್ಡಿಯಿಂದ ಪ್ರತಿ ಬೇಸಗೆಯ ಹೂಳೆತ್ತುವ ಕೆಲಸವು ನಡೆಯಬೇಕು. ಹಿಂದಿನವರು ಕಟ್ಟುಕೊಡಗೆಯ ಗದ್ದೆಯಿಂದ ಸಾಧಿಸಿದ್ದನ್ನು ನಾವು ಹಣದಿಂದ ಸಾಧಿಸಬೇಕಾಗಿದೆ. ಮೂರು: ಪಾಲನೆಯ ಅವಧಿಯು ಗುತ್ತಿಗೆಯೊಡನೆ ಮುಗಿಯದೆ, ರಾಶಿಯ ಮೇಲಿನ ಹಸುರು ಮಣ್ಣನ್ನು ಹಿಡಿಯುವವರೆಗೆ, ಲಕ್ಯಾದಂಥ ಏರಿಯಾದರೆ ನಿರವಧಿಯಾಗಿ, ಮುಂದುವರಿಯಬೇಕು.

ಮಾಗಡಿ ಕನಕಪುರಗಳ ಕಲ್ಲುಗಣಿಗಳಿಗೂ ಈ ಮಾತು ಸಲ್ಲುತ್ತದೆ. ಗ್ರಾನೈಟಿನ ಗಣಿಯಲ್ಲಿ ಕೆಂಪು ಜೇಡಿಯಿಲ್ಲದಿದ್ದರೂ ಕಲ್ಲಿನ ಹುಡಿಯೂ ಮೇಲ್ಮಣ್ಣಿನ ರಾಶಿಯೂ ಉಂಟು, ಕೆಳಗೆ ಒಂದಲ್ಲ ಒಂದು ಕೆರೆಯೂ ಉಂಟು.

ಈ ವಿಷಯದಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವು ಬಹಳವಿದೆ. ಮಾಗಡಿ, ಚನ್ನಪಟ್ಟಣ ಸೀಮೆಗಳ ಶಾಸನಗಳು ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ೧೯೦೫ರಷ್ಟು ಹಿಂದೆಯೇ ಅಚ್ಚಾಗಿವೆ. ಅವುಗಳಲ್ಲಿ ಕೆರೆಯನ್ನು ಕಟ್ಟಿಸಿದವರ ಹೆಸರುಗಳನ್ನು ನಾವು ಇದುವರೆಗೆ ಆದರದಿಂದ ಎಣಿಸಿದ್ದೇವೆ. ಕಟ್ಟಿದ ಕೆರೆಗೆ ಹೂಳೆತ್ತುವವರು ಯಾರು, ಅವರಿಗೆ ಬಿಟ್ಟ ಭೂಮಿ ಎಷ್ಟು, ಆ ವ್ಯವಸ್ಥೆಯು ಎಷ್ಟು ಕಾಲ ನಡೆಯಿತು ಎಂಬುದನ್ನು ಊರೂರಿನ ಕೆರೆಯ ಏರಿಯ ಮೇಲೆ ನಿಂತು ಅದೇ ಆದರದಿಂದ ಎಣಿಸುವುದು ಇನ್ನು ಆಗಬೇಕಾದ ಕಾರ್ಯ. ಸಂಡೂರಿನ ಹೂಳುಕೊಳಗಳ ಮುಂದಿನ ಐವತ್ತು ವರ್ಷಗಳಿಗೆ ಬೇಕಾದ ಅನುಭವದ ಲೆಕ್ಕವು ಆ ಶಾಸನಗಳಲ್ಲಿದೆಯೆಂದು ನಾವು ನಂಬಿದ್ದೇವೆ.